ಓದುಗರ ಪ್ರಶ್ನೆ: ಕಂಪನಿ ನಾಟಕದ ಪರದೆ ಎಲ್ಲಿಂದ ಬಂತು?

ಪ್ರಶ್ನೆ: ಕಂಪನಿ ನಾಟಕಗಳಲ್ಲಿ ಮುಖ್ಯ ಕಥೆಗೆ ಅಷ್ಟಾಗಿ ಸಂಬಂಧವಿಲ್ಲದ ಹಾಸ್ಯ ದೃಶ್ಯಗಳು ನಡುನಡುವೆ ಬರುತ್ತವಲ್ಲ, ಇವು ಯಕ್ಷಗಾನದ ಹಾಸ್ಯಗಾರನಿಂದ ಬಂದವೇ? ಕಂಪನಿ ನಾಟಕವನ್ನೇ ಬಯಲಾಟದ ಮುಂದುವರಿಕೆ ಎನ್ನಬಹುದೇ? (ಓದುಗರೊಬ್ಬರು, ಇಳಕಲ್)

ಉತ್ತರ: ಹಾಸ್ಯಗಾರನ ಮೂಲವನ್ನು ಹುಡುಕುತ್ತ ಹೋದರೆ ಬಯಲಾಟ ಸಿಕ್ಕೇ ಸಿಗುತ್ತದೆ. ಆದರೆ ಅವನ ದೃಶ್ಯಗಳು ನಾಟಕದ ಇಂಥಲ್ಲೇ ಬರಬೇಕೆಂಬ ಕಟ್ಟುಪಾಡು ಹುಟ್ಟಿದ್ದು ಚಿತ್ರಿಸಿದ ಪರದೆಯಿಂದ, ಆ ಪರದೆ ಬಂದದ್ದು ಬೇರೆ ದಾರಿಯಲ್ಲಿ. ಬಯಲಾಟದಲ್ಲಿ ಇಬ್ಬರು ಎರಡು ತುದಿ ಹಿಡಿದು ನಿಲ್ಲುವ ಒಂದು ತೆರೆ ಬಿಟ್ಟರೆ ದೃಶ್ಯಸಜ್ಜಿಕೆ ಎಂಬುದೇ ಇಲ್ಲ. ಭಾಗವತರು ಪದದಲ್ಲಿ ಕಾಡು ಎಂದರೆ ಅದು ಕಾಡು, ಆಸ್ಥಾನ ಎಂದರೆ ಆಸ್ಥಾನ. ಮುಂಬಯಿಯ ಪಾರ್ಸಿ ಕಂಪನಿಗಳು ಯುರೋಪಿನ ಮಾದರಿಯನ್ನು ನೋಡಿ ಬೀದಿ, ಕಾಡು, ಅರಮನೆ, ದರ್ಬಾರುಗಳನ್ನು ಬಟ್ಟೆಯ ಮೇಲೆ ಬರೆಸಿ, ಮೇಲಿನಿಂದ ಬಿಡುವ ಏರ್ಪಾಟು ಮಾಡಿಕೊಂಡಿದ್ದವು. 19ನೇ ಶತಮಾನದ ಕೊನೆಯ ದಶಕಗಳಲ್ಲಿ ಆ ಕಂಪನಿಗಳೂ ಮರಾಠಿ ಮಂಡಳಿಗಳೂ ನಮ್ಮ ಊರುಗಳಲ್ಲಿ ಕ್ಯಾಂಪು ಮಾಡಿದ ಮೇಲೆ ಇಲ್ಲಿಯೂ ಪರದೆಯಿಲ್ಲದೆ ನಾಟಕವಿಲ್ಲ ಎಂಬಂತಾಯಿತು.

ಈಗ ಹಾಸ್ಯದ ವಿಷಯಕ್ಕೆ ಬರೋಣ. ದರ್ಬಾರಿನ ದೃಶ್ಯಕ್ಕೆ ಸಿಂಹಾಸನ, ಕಂಬ, ಮೆಟ್ಟಿಲು ಎಲ್ಲವೂ ಬೇಕು, ಅವುಗಳನ್ನು ಜೋಡಿಸಲು ಸಮಯವೂ ಬೇಕು. ಟಿಕೆಟಿಗೆ ಹಣ ಕೊಟ್ಟು ಕುಳಿತವರನ್ನು ಅಷ್ಟು ಹೊತ್ತು ಸುಮ್ಮನೆ ಕೂರಿಸಿದರೆ ಶಿಳ್ಳೆ ಬೀಳುವುದು ಖಚಿತ. ಆದ್ದರಿಂದ ರಂಗದ ಮುಂಭಾಗದಲ್ಲಿ ಬೀದಿಯ ಪರದೆಯೊಂದನ್ನು ಇಳಿಬಿಟ್ಟು, ಅದರೆದುರಿನ ಕೆಲವೇ ಅಡಿ ಜಾಗದಲ್ಲಿ ಮನೆಯಾಳು, ದಾಸಿ, ಜಿಪುಣ ಸಾಹುಕಾರ ಮೊದಲಾದವರ ಜಗಳವನ್ನು ಆಡಿಸುತ್ತಿದ್ದರು. ಹಿಂದೆ ಸಾಮಾನು ಎಳೆಯುವ ಸದ್ದನ್ನು ಹಾರ್ಮೋನಿಯಂ, ತಬಲಾ ಮತ್ತು ಪ್ರೇಕ್ಷಕರ ನಗು ಮುಚ್ಚಿಹಾಕುತ್ತಿದ್ದವು. ಸೈಡ್ ವಿಂಗಿನಿಂದ ಸನ್ನೆ ಬರುವವರೆಗೂ ಹಾಸ್ಯನಟ ಮಾತನ್ನು ಎಳೆಯಬೇಕು, ಸನ್ನೆ ಬಂದೊಡನೆ ಮುಗಿಸಬೇಕು. ಬರೆದಿಟ್ಟ ಮಾತಿಗಿಂತ ಆ ಕ್ಷಣಕ್ಕೆ ಹೊಳೆದ ಮಾತಿಗೆ ಅಲ್ಲಿ ಬೆಲೆ ಹೆಚ್ಚು. ನನ್ನ ಅಭಿಪ್ರಾಯದಲ್ಲಿ ಕಂಪನಿಯ ಹಾಸ್ಯನಟರು ಅಷ್ಟು ದೊಡ್ಡ ಕಲಾವಿದರಾಗಿ ಬೆಳೆದದ್ದರಲ್ಲಿ ಈ ತುರ್ತಿನ ಪಾಲೂ ಸಾಕಷ್ಟಿದೆ. ಗುಬ್ಬಿ ವೀರಣ್ಣನವರು ಮೊದಲು ಜನರ ಮನಸ್ಸಿನಲ್ಲಿ ನೆಲೆಯೂರಿದ್ದು ಹಾಸ್ಯಪಾತ್ರಗಳಿಂದಲೇ. 1884ರಲ್ಲಿ ಹುಟ್ಟಿದ್ದ ಗುಬ್ಬಿ ಕಂಪನಿಯನ್ನು ಮುಂದೆ ಅವರು ನಡೆಸಿದಾಗ ದೃಶ್ಯವೈಭವ ಎಷ್ಟು ದೂರ ಹೋಯಿತೆಂದರೆ, 1930ರ ದಶಕದ ‘ಕುರುಕ್ಷೇತ್ರ’ ನಾಟಕದಲ್ಲಿ ನಿಜವಾದ ಆನೆ, ಕುದುರೆಗಳೇ ರಂಗವನ್ನೇರಿದವು.

ಹಾಗೆಂದು ಬಯಲಾಟದ ಋಣವನ್ನು ಅಲ್ಲಗಳೆಯುವಂತಿಲ್ಲ. ಆ ಋಣ ಮರಾಠಿಯ ಸುತ್ತುದಾರಿಯಲ್ಲಿ ಬಂತು, ಅಷ್ಟೆ. ಉತ್ತರ ಕನ್ನಡದ ಕರ್ಕಿಯ ಯಕ್ಷಗಾನ ಮೇಳವೊಂದು 1842ರ ಸುಮಾರಿಗೆ ಸಾಂಗಲಿಯಲ್ಲಿ ಆಟವಾಡಿತು. ಅದನ್ನು ಕಂಡ ಅಲ್ಲಿನ ಸಂಸ್ಥಾನಿಕರ ಅಪೇಕ್ಷೆಯಂತೆ ವಿಷ್ಣುದಾಸ ಭಾವೆ 1843ರಲ್ಲಿ ‘ಸೀತಾ ಸ್ವಯಂವರ’ವನ್ನು ಆಡಿಸಿದರು. ಸೂತ್ರಧಾರ ಹಾಡುವುದು, ಪಾತ್ರಧಾರಿಗಳು ಆಶುವಾಗಿ ಮಾತನಾಡುವುದು, ಹೀಗೆ ಆ ಪ್ರಯೋಗದ ಸ್ವರೂಪ ನಮ್ಮ ಮೇಳದವರಿಗೆ ಅಪರಿಚಿತವೇನೂ ಆಗಿರಲಿಲ್ಲ. 1880ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ವನ್ನಾಡಿ ಮರಾಠಿ ಸಂಗೀತ ನಾಟಕಕ್ಕೆ ತಳಹದಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಮರಾಠಿ ನಾಟಕಗಳ ಅಬ್ಬರಕ್ಕೆ ಉತ್ತರವೆಂಬಂತೆ ಉತ್ತರ ಕರ್ನಾಟಕದಲ್ಲಿ ಕನ್ನಡ ಮಂಡಳಿಗಳು ಹುಟ್ಟಿಕೊಂಡ ಕಥೆಯನ್ನು ಓದುವಾಗ ಈ ಹಿನ್ನೆಲೆ ನೆನಪಿರಬೇಕು.

ಪ್ರಶ್ನೆ: ಕನ್ನಡದಲ್ಲಿ ದೊರೆತಿರುವ ಮೊದಲ ನಾಟಕ ‘ಮಿತ್ರವಿಂದಾ ಗೋವಿಂದ’ ಎನ್ನುತ್ತಾರೆ. ಅದಾದ ಮೇಲೆ ಸುಮಾರು ಎರಡು ಶತಮಾನ ನಾಟಕವೇ ಇರಲಿಲ್ಲವೇ? (ವಿದ್ಯಾರ್ಥಿನಿ, ತುಮಕೂರು)

ಉತ್ತರ: ಆಟವಿತ್ತು, ಗ್ರಂಥರೂಪದ ನಾಟಕಕ್ಕೆ ಬರವಿತ್ತು. ಚಿಕ್ಕದೇವರಾಜ ಒಡೆಯರ ಆಸ್ಥಾನದ ಸಿಂಗರಾರ್ಯನು ಹರ್ಷನ ‘ರತ್ನಾವಳಿ’ಯನ್ನು ಅನುಸರಿಸಿ ಆ ಕೃತಿಯನ್ನು ರಚಿಸಿದನು. ವಿದ್ವಾಂಸರಿಗೆ ಸಂಸ್ಕೃತ ನಾಟಕಗಳೇ ಸಾಕಾಗಿದ್ದವು, ಜನರಿಗೆ ಯಕ್ಷಗಾನ ಪ್ರಸಂಗಗಳಿದ್ದವು. ನಡುವೆ ಕನ್ನಡ ನಾಟಕವನ್ನು ಬೇಡುವವರು ಕಡಿಮೆ. ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ಅರಮನೆಯ ನಾಟಕ ಮಂಡಳಿಯೇ ತಲೆಯೆತ್ತಿ, ಆಡುವುದಕ್ಕೆ ಕನ್ನಡದ ಪಠ್ಯ ಬೇಕಾದಾಗ ಬಸವಪ್ಪ ಶಾಸ್ತ್ರಿಗಳ ‘ಶಾಕುಂತಲ’ದಂಥ ಅನುವಾದಗಳು ಬಂದವು. ಇತ್ತ ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳು 1887ರಲ್ಲಿ ‘ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ’ವನ್ನು ಪ್ರಕಟಿಸಿ, ಕನ್ಯಾವಿಕ್ರಯದ ಪಿಡುಗನ್ನು ಯಾವ ಪುರಾಣದ ಹಂಗೂ ಇಲ್ಲದೆ ನೇರವಾಗಿ ಎತ್ತಿಕೊಂಡರು. ಪಠ್ಯಪುಸ್ತಕಗಳು ಈ ಪ್ರಹಸನಕ್ಕೆ ಒಂದೇ ಸಾಲು ಕೊಟ್ಟು ಮುಂದೆ ಹೋಗುವುದು ನನಗೆ ಸರಿಯೆನಿಸುವುದಿಲ್ಲ.

ಪ್ರಶ್ನೆ: ಇಷ್ಟು ಜನಪ್ರಿಯವಾಗಿದ್ದ ಪರದೆಗಳನ್ನು ಆಧುನಿಕ ರಂಗಭೂಮಿ ಕೈಬಿಟ್ಟದ್ದೇಕೆ? (ಓದುಗರೊಬ್ಬರು, ಶಿವಮೊಗ್ಗ)

ಉತ್ತರ: ಕೈಲಾಸಂ ಅವರ ‘ಟೊಳ್ಳುಗಟ್ಟಿ’ಯಂಥ ನಾಟಕ ನಡೆಯುವುದು ಮಧ್ಯಮವರ್ಗದ ಒಂದು ಮನೆಯಲ್ಲಿ, ಅದಕ್ಕೆ ಕಾಡೂ ಬೇಡ, ದರ್ಬಾರೂ ಬೇಡ. ಹವ್ಯಾಸಿ ತಂಡಗಳಿಗೆ ದುಬಾರಿ ಸೀನರಿಯನ್ನು ಹೊತ್ತು ತಿರುಗುವ ಶಕ್ತಿಯೂ ಇರಲಿಲ್ಲ. ವೈಭವದ ಆಸೆಯನ್ನು ಅಷ್ಟರಲ್ಲಿ ಸಿನಿಮಾ ತೀರಿಸತೊಡಗಿತ್ತು. 1934ರ ‘ಸತಿ ಸುಲೋಚನ’ದಿಂದ ಮೊದಲ್ಗೊಂಡು ಕನ್ನಡದ ಆರಂಭದ ವಾಕ್ಚಿತ್ರಗಳಿಗೆ ಕಲಾವಿದರನ್ನು ಒದಗಿಸಿದ್ದು ಇದೇ ಕಂಪನಿಗಳೆಂಬುದು ಬೇರೆ ಮಾತು. 1970ರ ದಶಕದ ನಿರ್ದೇಶಕರು ಪರದೆಯನ್ನು ಬಿಟ್ಟು ಮತ್ತೆ ಬಯಲಾಟದ ತೆರೆಯತ್ತ ನೋಡಿದರು. ಗಿರೀಶ ಕಾರ್ನಾಡರ ‘ಹಯವದನ’ದಲ್ಲಿ ಪಾತ್ರವನ್ನು ಮರೆಮಾಡಿ ಮೆಲ್ಲನೆ ತೋರಿಸುವುದು ಕೈಯಲ್ಲಿ ಹಿಡಿದ ಅಂಥದೇ ತೆರೆ. ಆ ಹೊಸ ನಾಟಕಗಳಿಗೆ ಸಂಗೀತ ಕೊಟ್ಟ ಬಿ.ವಿ. ಕಾರಂತರು ಬಾಲ್ಯದಲ್ಲಿ ಗುಬ್ಬಿ ಕಂಪನಿಯಲ್ಲಿ ಬೆಳೆದವರಾದ್ದರಿಂದ, ಪರದೆ ಹೋದರೂ ಕಂಪನಿಯ ರಂಗಗೀತೆಯ ಧಾಟಿ ಉಳಿದುಕೊಂಡಿತು.

ಎರಡೂ ಬಗೆಯನ್ನು ಈಗಲೂ ನೋಡಬಹುದು. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ವೃತ್ತಿ ಕಂಪನಿಗಳು ಡೇರೆ ಹಾಕಿ ದಿನಕ್ಕೆ ಹಲವು ಆಟಗಳನ್ನಾಡುತ್ತವೆ. ಹೆಗ್ಗೋಡಿನ ರಂಗಸಂಸ್ಥೆ ನೀನಾಸಮ್‌ನ ಸಂಚಾರಿ ತಂಡ ‘ತಿರುಗಾಟ’ 1985ರಿಂದಲೂ ಊರೂರು ಸುತ್ತುತ್ತಿದ್ದು, ಶಿವಮೊಗ್ಗದವರಾದ ನಿಮಗೆ ಹೆಗ್ಗೋಡೇನೂ ದೂರವಲ್ಲ.