ಒಂದೇ ಪಂದ್ಯ ಆಡಿದ ಕೋಚ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: 1974ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಪೋಲೆಂಡ್ ಮೂರನೇ ಸ್ಥಾನ ಪಡೆಯಿತಲ್ಲ, ಆಗ ಕೋಚ್ ಆಗಿದ್ದ ಕಾಜಿಮಿಯೆಜ್ ಗುರ್ಸ್ಕಿ ಆಟಗಾರನಾಗಿ ದೇಶಕ್ಕೆ ಆಡಿದ್ದು ಒಂದೇ ಪಂದ್ಯವಂತೆ. ಅದರಲ್ಲೂ ಎಂಟು ಗೋಲುಗಳ ಸೋಲಂತೆ. ಅಷ್ಟು ಸಾಧಾರಣ ಆಟಗಾರ ಅಂಥ ಕೋಚ್ ಆಗಿದ್ದು ಹೇಗೆ?

ಉತ್ತರ: ಪಂದ್ಯದ ವಿಷಯ ನಿಜ. 1948ರ ಜೂನ್ 26, ಕೋಪನ್‌ಹೇಗನ್, ಡೆನ್ಮಾರ್ಕ್ ಎದುರು 0-8. ಗುರ್ಸ್ಕಿ ಅದನ್ನೂ ಪೂರ್ತಿ ಆಡಲಿಲ್ಲ, ನಡುವೆಯೇ ಹೊರಗೆ ಕರೆಸಿಕೊಂಡರು. ಮತ್ತೆ ಯಾವತ್ತೂ ಅವಕಾಶ ಸಿಗಲಿಲ್ಲ.

ಆದರೆ 'ಸಾಧಾರಣ' ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಅವರು ಹುಟ್ಟಿದ ವರ್ಷ ನೋಡಿ, 1921. ಎರಡನೇ ಮಹಾಯುದ್ಧ ಶುರುವಾದಾಗ 18 ವರ್ಷ, ಮುಗಿದಾಗ 24. ಒಬ್ಬ ಫಾರ್ವರ್ಡ್ ಆಟಗಾರ ಬೆಳೆಯುವ ವಯಸ್ಸೇ ಅದು ಅಲ್ವಾ? ಅವರ ಊರು ಲ್ವುಫ್. 1939ರಲ್ಲಿ ಅಲ್ಲಿಗೆ ಸೋವಿಯತ್ ಸೇನೆ ಬಂತು, 1941ರಲ್ಲಿ ಜರ್ಮನ್ನರು ಬಂದರು, 1944ರಲ್ಲಿ ಮತ್ತೆ ಸೋವಿಯತ್ ಸೇನೆ. ಊರಿನ ಮೈದಾನಗಳಲ್ಲಿ ಚುರುಕಾಗಿ ಓಡುತ್ತಿದ್ದ ಈ ಸಣ್ಣ ಮೈಕಟ್ಟಿನ ಹುಡುಗನನ್ನು ಜನ 'ಸಾರೆಂಕಾ' ಅಂತ ಕರೆಯುತ್ತಿದ್ದರು, ಅಂದರೆ ಪುಟ್ಟ ಜಿಂಕೆ. ಆಮೇಲೆ ಪೋಲಿಷ್ ಸೇನೆ ಸೇರಿ ವಾರ್ಸಾಗೆ ಬಂದರು, ಸೇನೆಯ ಕ್ಲಬ್ ಲೆಗಿಯಾಗೆ ಆಡಿದರು. ಕೋಪನ್‌ಹೇಗನ್ ಹೊತ್ತಿಗೆ ವಯಸ್ಸು 27.

ಇದು ಅವರೊಬ್ಬರ ಕಥೆಯಲ್ಲ. 1939ರ ಆಗಸ್ಟ್ 27ರಂದು ಪೋಲೆಂಡ್ ವಾರ್ಸಾದಲ್ಲಿ ಹಂಗೇರಿಯನ್ನು 4-2ರಿಂದ ಸೋಲಿಸಿತ್ತು. ಹಿಂದಿನ ವರ್ಷವಷ್ಟೇ ವಿಶ್ವಕಪ್ ಫೈನಲ್ ಆಡಿದ್ದ ಹಂಗೇರಿ ಅದು! ಐದೇ ದಿನಕ್ಕೆ ಯುದ್ಧ ಶುರುವಾಯಿತು. ಪೋಲೆಂಡ್ ತಂಡ ಮತ್ತೆ ಅಂತರರಾಷ್ಟ್ರೀಯ ಪಂದ್ಯ ಆಡಿದ್ದು 1947ರ ಜೂನ್‌ನಲ್ಲಿ. ಹತ್ತಿರ ಹತ್ತಿರ ಎಂಟು ವರ್ಷ ಹಾಗೇ ಹೋಯಿತು.

ಇನ್ನು ಕೋಚಿಂಗ್ ವಿಷಯ. 1970ರ ಕೊನೆಗೆ ರಾಷ್ಟ್ರೀಯ ತಂಡ ಕೈಗೆ ಬರುವ ಮುಂಚೆ ಅವರು ವರ್ಷಗಟ್ಟಲೆ ಕಿರಿಯರ ತಂಡಗಳನ್ನು ತರಬೇತು ಮಾಡಿದ್ದರು. ನನ್ನ ಪ್ರಕಾರ ಗುಟ್ಟು ಇರುವುದು ಇಲ್ಲೇ. ಹುಡುಗರ ಜೊತೆ ಅಷ್ಟು ವರ್ಷ ಕಳೆದವರು, ಮೆತ್ತಗಿನ ಸ್ವಭಾವ, ಕೂಗಾಡಿ ಕೆಲಸ ಮಾಡಿಸಿಕೊಳ್ಳುವವರಲ್ಲ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಬಂತು. 1973ರ ಅಕ್ಟೋಬರ್‌ನಲ್ಲಿ ವೆಂಬ್ಲಿಯಲ್ಲಿ 1-1 ಡ್ರಾ ಮಾಡಿಕೊಂಡು ಇಂಗ್ಲೆಂಡನ್ನು ವಿಶ್ವಕಪ್‌ನಿಂದಲೇ ಹೊರಗಿಟ್ಟರು. 1974ರಲ್ಲಿ ಮೂರನೇ ಸ್ಥಾನದ ಪಂದ್ಯದಲ್ಲಿ ಬ್ರೆಜಿಲ್ ಎದುರು 1-0 ಗೆಲುವು, ಗೋಲು ಲಾಟೊ ಅವರದು. 1976ರಲ್ಲಿ ಒಲಿಂಪಿಕ್ ಬೆಳ್ಳಿ.

ಪ್ರಶ್ನೆ: ಅದೇ ವಿಶ್ವಕಪ್‌ನಲ್ಲಿ ಮಳೆ ಬರದಿದ್ದರೆ ಪೋಲೆಂಡ್ ಫೈನಲ್‌ಗೆ ಹೋಗುತ್ತಿತ್ತು ಅಂತಾರೆ. ಹೌದಾ?

ಉತ್ತರ: ಜುಲೈ 3, ಫ್ರಾಂಕ್‌ಫರ್ಟ್, ಪಶ್ಚಿಮ ಜರ್ಮನಿ ಎದುರಿನ ಪಂದ್ಯ. ಜೋರು ಮಳೆಗೆ ಮೈದಾನದ ತುಂಬಾ ನೀರು ನಿಂತಿತ್ತು. ಅಗ್ನಿಶಾಮಕ ದಳದವರು ಬಂದು ಪಂಪ್ ಹಚ್ಚಿ ನೀರು ತೆಗೆದರು, ಆಟ ತಡವಾಗಿ ಶುರುವಾಯಿತು. ಆದರೂ ಪಾಸ್ ಕೊಟ್ಟ ಚೆಂಡು ಅರ್ಧ ದಾರಿಯಲ್ಲೇ ನೀರಿನಲ್ಲಿ ನಿಂತುಬಿಡುತ್ತಿತ್ತು. ಫೈನಲ್‌ಗೆ ಹೋಗಲು ಜರ್ಮನಿಗೆ ಡ್ರಾ ಸಾಕಿತ್ತು, ಪೋಲೆಂಡ್‌ಗೆ ಗೆಲುವೇ ಬೇಕಿತ್ತು. ವೇಗದ ಆಟವೇ ಬಲವಾಗಿದ್ದ ತಂಡಕ್ಕೆ ಆ ಕೆಸರು ಜಾಸ್ತಿ ಪೆಟ್ಟು ಕೊಟ್ಟಿತು ಅಂತಲೇ ನನಗೂ ಅನ್ನಿಸುತ್ತದೆ. ಗೋಲ್‌ಕೀಪರ್ ತೊಮಾಶೆವ್ಸ್ಕಿ ಪೆನಾಲ್ಟಿ ತಡೆದರು, ಆದರೆ ಕೊನೆಗೆ ಜರ್ಮನಿಯ ಮುಲ್ಲರ್ ಗೋಲು ಹೊಡೆದರು. 0-1. ಮಳೆ ಇಲ್ಲದಿದ್ದರೆ ಗೆಲ್ಲುತ್ತಿದ್ದರು ಅಂತ ಆಣೆ ಮಾಡಿ ಹೇಳಲಾರೆ, ಪೂರ್ತಿ ಆಟ ನೋಡಲು ಸಿಗಲಿಲ್ಲವಲ್ಲ ಅನ್ನುವ ಬೇಸರ ಮಾತ್ರ ಇದೆ.

ಪ್ರಶ್ನೆ: ಗುರ್ಸ್ಕಿ ಹುಟ್ಟಿದ ಊರು ಈಗ ಪೋಲೆಂಡಿನಲ್ಲೇ ಇಲ್ವಾ?

ಉತ್ತರ: ಇಲ್ಲ. ಯುದ್ಧದ ನಂತರ ಗಡಿ ಬದಲಾಯಿತು, ಲ್ವುಫ್ ಈಗ ಉಕ್ರೇನಿನ ಲ್ವಿವ್. ಗುರ್ಸ್ಕಿ ವಾರ್ಸಾದಲ್ಲೇ ಉಳಿದರು, 2006ರಲ್ಲಿ ತೀರಿಕೊಂಡರು. ಪೋಲೆಂಡ್ ತಂಡ ಆಡುವ ವಾರ್ಸಾದ ರಾಷ್ಟ್ರೀಯ ಕ್ರೀಡಾಂಗಣಕ್ಕೆ ಈಗ ಅವರದೇ ಹೆಸರಿದೆ.