ಹಳೆಯ ಕ್ರೈಸ್ತ ಕೀರ್ತನೆಗಳಿಗೆ ಗಿಟಾರ್ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಾಕುವುದು ಅಷ್ಟು ಕಷ್ಟ ಯಾಕೆ?

ಪುಸ್ತಕದಲ್ಲಿರುವುದನ್ನೆಲ್ಲ ನುಡಿಸಲು ಹೋಗುವುದರಿಂದ. ಆ ಸ್ವರಲಿಪಿ ಇರುವುದು ನಾಲ್ಕು ದನಿಗಳ ಕಾಯರ್ (ಗಾಯನ ತಂಡ) ಮತ್ತು ಆರ್ಗನ್‌ಗಾಗಿ. ನಾಲ್ಕೂ ದನಿ ಬೇರೆ ಬೇರೆ ಚಲಿಸುತ್ತವೆ, ಹಾಗಾಗಿ ಹೆಚ್ಚುಕಮ್ಮಿ ಪ್ರತಿ ಅಕ್ಷರಕ್ಕೂ ಕಾರ್ಡ್ ಬದಲಾಗುತ್ತದೆ. ಗಿಟಾರ್‌ಗೆ ಅಷ್ಟು ಬೇಡ. ತಾಳದ ಒತ್ತು ಬೀಳುವ ಕಡೆಯ ಕಾರ್ಡ್ ಉಳಿಸಿ, ನಡುವೆ ಸುಮ್ನೆ ಹಾದುಹೋಗುವವನ್ನು ಬಿಡಿ. ಸಾಲಿನ ಕೊನೆಯ ಎರಡು ಕಾರ್ಡ್ ಮಾತ್ರ ತೆಗೆಯಬೇಡಿ. ಸಾಲು ಮುಗಿಯಿತು ಅನ್ನಿಸುವುದೇ ಅವುಗಳಿಂದ. ಶ್ರುತಿ ಇ-ಫ್ಲ್ಯಾಟ್ ಇದ್ದರೆ ಗಿಟಾರ್ ಕತ್ತಿನ ಮೊದಲ ಮನೆಗೆ (ಫ್ರೆಟ್) ಕೇಪೋ, ಅಂದರೆ ತಂತಿಗಳನ್ನೆಲ್ಲ ಒತ್ತಿ ಹಿಡಿಯುವ ಕ್ಲಿಪ್, ಹಾಕಿ, ಡಿ ಶ್ರುತಿಯ ಕಾರ್ಡ್‌ಗಳನ್ನೇ ಹಿಡಿಯಿರಿ.

ಮೈಸೂರಿನ ನಮ್ಮ ಸಭೆಯವರಿಗೆ ಹಂಚುವಾಗ ಕಾರ್ಡನ್ನು ಸರಿಯಾಗಿ ಕನ್ನಡ ಅಕ್ಷರದ ಮೇಲೆಯೇ ಬರೆಯುತ್ತೇನೆ. ಅನುವಾದದಲ್ಲಿ ಒತ್ತು ಬೇರೆ ಅಕ್ಷರಕ್ಕೆ ಹೋಗಿರುತ್ತದೆ, ಅಲ್ವಾ? ವಾಟ್ಸ್ಆ್ಯಪ್‌ಗೆ ಪಿಡಿಎಫ್ ಕಳಿಸಿ. ಮೆಸೇಜಾಗಿ ಟೈಪ್ ಮಾಡಿದರೆ ಫೋನಿನಲ್ಲಿ ಕಾರ್ಡ್‌ಗಳ ಜಾಗ ತಪ್ಪುತ್ತದೆ.