ಸಿಗ್ನಲ್‌ನಲ್ಲಿ ಹೀಟ್ ಆಗುವ ಹಳೇ ಕಾರಿಗೆ ಕೋನ್ ಫಿಲ್ಟರ್ ಹಾಕಿ, ಫ್ಯಾನ್‌ಗೆ ಡೈರೆಕ್ಟ್ ಸ್ವಿಚ್ ಕೊಡಬಹುದಾ?

ಫ್ಯಾನ್ ಕೆಲಸಕ್ಕೆ ಕೈ ಹಾಕಿ, ಫಿಲ್ಟರ್ ಕೆಲಸಕ್ಕೆ ಬೇಡ. ಎರಡನ್ನೂ ನನ್ನ ಹಳೇ ಪೆಟ್ರೋಲ್ ಕಾರಿನಲ್ಲಿ ಮಾಡಿ ನೋಡಿದ್ದೇನೆ. ಒಂದರಲ್ಲಿ ದುಡ್ಡು ದಂಡವಾಯಿತು, ಇನ್ನೊಂದರಲ್ಲಿ ವೈರ್ ಸುಟ್ಟಿತು.

ಕೋನ್ ಫಿಲ್ಟರನ್ನು (ಎಂಜಿನ್ ಎಳೆಯುವ ಗಾಳಿ ಸೋಸುವ, ಬಾಕ್ಸ್ ಇಲ್ಲದ ಶಂಕುವಿನಾಕಾರದ ಫಿಲ್ಟರ್) ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ತಂದು ಭಾನುವಾರ ಕೂತು ಹಾಕಿದೆ. ಸೌಂಡ್ ಸಖತ್ತಾಗಿ ಬಂತು, ಅಷ್ಟೇ. ಕಂಪನಿ ಕೊಟ್ಟ ಏರ್ ಬಾಕ್ಸ್ ಮುಂದಿನಿಂದ ಹೊರಗಿನ ಗಾಳಿ ಎಳೆಯುತ್ತದೆ, ಆದರೆ ಬಾನೆಟ್ ಒಳಗೆ ಬರಿಮೈಯಲ್ಲಿ ಕೂತ ಕೋನ್ ರೇಡಿಯೇಟರ್ ದಾಟಿ ಬಂದ ಬಿಸಿ ಗಾಳಿಯನ್ನೇ ಕುಡಿಯುತ್ತದೆ. ಬಿಸಿ ಗಾಳಿ ತೆಳು, ಪವರ್ ಇಳಿಯುತ್ತದೆ. ನಮ್ಮೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಇಲ್ಲಿ ಗಾಳಿ ಮೊದಲೇ ತೆಳು ಅಲ್ವಾ? ತಂಪು ಗಾಳಿಗಾಗಿ ಪೈಪ್ ಉದ್ದ ಮಾಡಿ ಫಿಲ್ಟರನ್ನು ಬಂಪರ್ ಕೆಳಗೆ ಇಳಿಸುವವರೂ ಇದ್ದಾರೆ. ಮಳೆಗಾಲದಲ್ಲಿ ನೀರು ತುಂಬಿದ ಅಂಡರ್‌ಪಾಸ್‌ಗೆ ಇಳಿದರೆ ಎಂಜಿನ್ ನೀರು ಎಳೆದುಕೊಂಡು ಕನೆಕ್ಟಿಂಗ್ ರಾಡ್ (ಪಿಸ್ಟನ್‌ಗೆ ಜೋಡಿಸಿದ ಸರಳು) ಬಾಗಬಹುದು. ಇಷ್ಟಕ್ಕೂ ಫಿಲ್ಟರ್ ಬದಲಿಸಿದರೆ ನಿಮ್ಮ ಟೆಂಪರೇಚರ್ ಮುಳ್ಳು ಇಳಿಯುವುದಿಲ್ಲ.

ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಮುಳ್ಳು ಏರುತ್ತದೆ, ರಿಂಗ್ ರೋಡಿನಲ್ಲಿ ಓಡಿದರೆ ಇಳಿಯುತ್ತದೆ ಅಂದಿದ್ದೀರಿ. ಹಾಗಿದ್ದರೆ ಮೊದಲ ಅನುಮಾನ ಫ್ಯಾನ್ ಮೇಲೆಯೇ. ಓಡುವಾಗ ಎದುರುಗಾಳಿಯೇ ಸಾಕು, ನಿಂತಾಗ ಮಾತ್ರ ಫ್ಯಾನ್ ಬೇಕು. ಸ್ಪೀಡಿನಲ್ಲೂ ಏರುತ್ತಿದ್ದರೆ ರೇಡಿಯೇಟರ್, ಥರ್ಮೋಸ್ಟಾಟ್, ವಾಟರ್ ಪಂಪ್ ನೋಡಬೇಕಿತ್ತು. ಎರಡು ವೈರಿನ ಥರ್ಮೋ ಸ್ವಿಚ್ (ಎಂಜಿನ್ ಬಿಸಿಯಾದಾಗ ಫ್ಯಾನ್ ಆನ್ ಮಾಡುವ ಸ್ವಿಚ್) ಇರುವ ಹಳೇ ಕಾರಾದರೆ, ಅದರ ಕನೆಕ್ಟರ್ ಬಿಚ್ಚಿ ಎರಡೂ ವೈರ್ ಜೋಡಿಸಿ, ಕೈ ಫ್ಯಾನಿನಿಂದ ದೂರ ಇರಲಿ. ಹೀಟ್ ಆದಾಗಲೂ ತಿರುಗದ ಫ್ಯಾನ್ ಈಗ ತಿರುಗಿದರೆ ಮೋಟರ್ ಸರಿ ಇದೆ, ಸ್ವಿಚ್ ಸತ್ತಿರಬಹುದು.

ಹಾಗೇ ಎಸಿ ಕಂಡೆನ್ಸರ್ (ರೇಡಿಯೇಟರ್ ಮುಂದಿರುವ ಎಸಿಯ ಜಾಲರಿ) ಮತ್ತು ರೇಡಿಯೇಟರ್ ಮಧ್ಯೆ ಟಾರ್ಚ್ ಬಿಟ್ಟು ನೋಡಿ. ನನ್ನದರಲ್ಲಿ ಧೂಳು, ಒಣ ಎಲೆ, ಸತ್ತ ಹುಳ ಸೇರಿ ಕಂಬಳಿಯಂತೆ ಹೆಣೆದುಕೊಂಡಿತ್ತು. ಒಳಗಿನಿಂದ ಹೊರಕ್ಕೆ ಮೆಲ್ಲಗೆ ಪೈಪಿನಲ್ಲಿ ನೀರು ಬಿಟ್ಟೆ, ಅರ್ಧ ರೋಗ ಅಲ್ಲೇ ವಾಸಿ. ಫ್ಯಾನ್ ಸುತ್ತ ಇರುವ ಪ್ಲಾಸ್ಟಿಕ್ ಶ್ರೌಡ್ ಬಿಸಾಕಬೇಡಿ, ಅದಿಲ್ಲದಿದ್ದರೆ ಫ್ಯಾನ್ ಗಾಳಿಯನ್ನು ರೇಡಿಯೇಟರಿನ ಪೂರ್ತಿ ಅಗಲದಿಂದ ಎಳೆಯುವುದಿಲ್ಲ. ಹೊಸ ಮೋಟರ್ ಹಾಕಿದರೆ ಗ್ರಿಲ್ ಮುಂದೆ ಒಂದು ಹಾಳೆ ನ್ಯೂಸ್‌ಪೇಪರ್ ಹಿಡಿಯಿರಿ, ಒಳಕ್ಕೆ ಅಂಟಿಕೊಳ್ಳಬೇಕು. ಪ್ಲಸ್ ಮೈನಸ್ ಅದಲುಬದಲಾದರೆ ಹಾಳೆ ನಿಮ್ಮ ಮುಖಕ್ಕೇ ಹಾರುತ್ತದೆ.

ಇನ್ನು ಡೈರೆಕ್ಟ್ ಸ್ವಿಚ್. ಡ್ಯಾಶ್‌ಬೋರ್ಡ್ ಕೆಳಗೆ ಸಣ್ಣ ಸ್ವಿಚ್ ಇಟ್ಟು ಫ್ಯಾನಿನ ಪೂರ್ತಿ ಕರೆಂಟನ್ನು ಅದರಲ್ಲೇ ಹಾಯಿಸಿದ್ದೆ. ಒಂದು ಸಂಜೆ ಪ್ಲಾಸ್ಟಿಕ್ ಸುಟ್ಟ ವಾಸನೆ, ಬಗ್ಗಿ ನೋಡಿದರೆ ವೈರಿನ ಮೇಲಿನ ಸಿಪ್ಪೆ ಕರಗಿ ಕಾರ್ಪೆಟ್‌ಗೆ ಅಂಟಿತ್ತು. ರಿಲೇ ಹಾಕಿಸಿ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್. ಕೆಳಗಿನ ನಂಬರ್‌ಗಳು ಅದರ ಪಿನ್‌ಗಳ ಮೇಲೆ ಬರೆದಿರುವವು. ಬ್ಯಾಟರಿಯಿಂದ ಫ್ಯೂಸ್ ದಾಟಿ 30ಕ್ಕೆ, 87ರಿಂದ ದಪ್ಪ ವೈರಿನಲ್ಲಿ ಫ್ಯಾನ್‌ಗೆ. 85ನ್ನು ಥರ್ಮೋ ಸ್ವಿಚ್ ಮೂಲಕ ಕಾರಿನ ಲೋಹದ ಮೈಗೆ ಅರ್ತ್ ಮಾಡಿ, ನಿಮ್ಮ ಕೈ ಸ್ವಿಚ್ಚನ್ನು ಆ ಥರ್ಮೋ ಸ್ವಿಚ್‌ಗೆ ಪ್ಯಾರಲಲ್ ಆಗಿ ಕೊಡಿ. ಆಗ ನೀವು ಮರೆತರೂ ಫ್ಯಾನ್ ತಾನೇ ಆನ್ ಆಗುತ್ತದೆ. 86ಕ್ಕೆ ಇಗ್ನಿಷನ್‌ನಿಂದಲೇ ಕರೆಂಟ್ ತೆಗೆದುಕೊಳ್ಳಿ. ನಾನು ನೇರ ಬ್ಯಾಟರಿಯಿಂದ ಕೊಟ್ಟು, ರಾತ್ರಿ ಸ್ವಿಚ್ ಆಫ್ ಮಾಡೋದು ಮರೆತು ಮಲಗಿದ್ದೆ. ಬೆಳಗ್ಗೆ ಸೆಕ್ಯೂರಿಟಿ ಅಣ್ಣನ ಕೈಲಿ ಗೇಟ್‌ವರೆಗೆ ಕಾರ್ ತಳ್ಳಿಸಿದ್ದಾಯ್ತು.